ಎಡವಯ್ಯನ ಕಲ್ಲಚ್ಚು

“ಗುರುಗಳೇ, ಪ್ರಿಯವಾದದ್ದನ್ನು ನನ್ನೊಬ್ಬನಲ್ಲೇ ಇಟ್ಟುಕೊಂಡರೆ ತಪ್ಪೇನು?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ಬಿಡಿ ಹಾಳೆಗಳಲ್ಲಿ ನಾಲ್ಕು ಸಾಲು ಬರೆದು ಬಂದವರಿಗೆಲ್ಲ ಕೊಡುತ್ತಿದ್ದರು. ಮುರಿಗೆಪ್ಪ ಮನೆಮನೆ ತಿರುಗಿ ಆ ಹಾಳೆಗಳನ್ನೆಲ್ಲ ಕೂಡಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಅಂದು ಬೆಳಿಗ್ಗೆ ಒಂದೇ ಒಂದು ಹಾಳೆ ಕೇಳಿ ಬಂದ ಮುದುಕಿಯನ್ನು ಬರಿಗೈಯಲ್ಲಿ ಕಳಿಸಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಮನೆಗೆ ಬರುವ ಪತ್ರಿಕೆಯ ಮೂಲೆಯಲ್ಲಿ ದಿನವೂ ಮೂರು ಚೌಕದ ಒಂದು ವ್ಯಂಗ್ಯಚಿತ್ರವಿರುತ್ತಿತ್ತು. ಎಡವಯ್ಯನೆಂಬ ಡೊಳ್ಳುಹೊಟ್ಟೆಯವನು ಮನೆಯಿಂದ ಹೊರಡುವನು, ಹೊಸ್ತಿಲು ಎಡವಿ ಬೀಳುವನು, ಎದ್ದು ನಿಂತು ನಗುವನು. ಅಷ್ಟೇ. ವರ್ತಕನೂ ಅವನ ಹೆಂಡತಿಯೂ ಅದನ್ನು ನೋಡಿ ಒಟ್ಟಿಗೆ ನಗುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ನಗೆಯಿಂದ.

ಒಬ್ಬ ಕಲಾವಿದ ಹೊಸ್ತಿಲ ಬಳಿ ನಿಂತು ನಗುವ ಎಡವಯ್ಯನನ್ನು ಅಚ್ಚಿನ ಕಲ್ಲಿನ ಮೇಲೆ ಬರೆದು ಮೂವತ್ತು ಪ್ರತಿ ತೆಗೆದ. ಒಂದೊಂದರ ಕೆಳಗೂ ಅದು ಎಷ್ಟನೆಯದೆಂದು ಬರೆದು ಸಹಿ ಹಾಕಿದ. ಆಮೇಲೆ ಕಲ್ಲನ್ನು ತಿಕ್ಕಿ ಚಿತ್ರ ಅಳಿಸಿದ. ಮೂವತ್ತೊಂದನೆಯದು ಹುಟ್ಟಬಾರದೆಂದು ಆ ಕಸುಬಿನವರ ವಾಡಿಕೆ ಅದು. ವರ್ತಕ ಏಳನೆಯ ಪ್ರತಿ ತಂದು ಹೆಂಡತಿಗೆ ಕೊಟ್ಟ. ಅವಳು ಪಡಸಾಲೆಯಲ್ಲಿ ತೂಗುಹಾಕಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವನ ತಲೆಗೆ ಹುಳ ಹೊಕ್ಕಿತು. ನಮ್ಮ ಎಡವಯ್ಯ ಇನ್ನೂ ಇಪ್ಪತ್ತೊಂಬತ್ತು ಮನೆಗಳಲ್ಲಿ ನಗುತ್ತಿದ್ದಾನಲ್ಲ ಎಂದುಕೊಂಡ. ವರ್ಷಗಟ್ಟಲೆ ಊರೂರು ಅಲೆದ, ಕಾಲು ಹಿಡಿದ, ಒಂದನ್ನೂ ಬಿಡದೆ ತಂದ. ಎಲ್ಲವನ್ನೂ ಒಂದು ಕೋಣೆಯಲ್ಲಿಟ್ಟ. ಒಲೆಯ ಹೊಗೆ ತಾಗೀತೆಂದು ಪಡಸಾಲೆಯದನ್ನೂ ಕಿತ್ತು ಒಳಗಿಟ್ಟ. ಹೆಂಡತಿ ನೋಡಲು ಬಂದರೆ ಬೆವರಿನ ಕೈ ತಾಗೀತೆಂದು ಬಾಗಿಲು ಹಾಕಿದ. ಅವಳು ಕೇಳುವುದನ್ನು ಬಿಟ್ಟಳು. ಬಾಗಿಲಲ್ಲಿ ಪತ್ರಿಕೆ ಮಡಿಸಿದ್ದು ಮಡಿಸಿದಂತೆಯೇ ಬಿದ್ದಿರುತ್ತಿತ್ತು.

ಆದರೂ ಅವನಿಗೆ ನೆಮ್ಮದಿಯಿಲ್ಲ. ಕಲ್ಲು ನಿಜವಾಗಿ ಅಳಿದಿದೆಯೇ ಎಂದು ನೋಡಹೋದ. ಕಲಾವಿದ ಕಲ್ಲಿಗೆ ನೀರು ಚಿಮುಕಿಸಿದ. ಎಡವಯ್ಯ ತೆಳ್ಳಗೆ ಎದ್ದು ಬಂದು ನಕ್ಕ.

“ನಾವು ಅಳಿಸ್ತೀವಿ ಸ್ವಾಮಿ. ಆದರೆ ಕಲ್ಲು ಮಸಿಯ ಜಿಡ್ಡು ಕುಡಿದಿರುತ್ತೆ. ಒಮ್ಮೊಮ್ಮೆ ಹೀಗೆ ಬರ್ತಾನೆ. ಬಂದರೆ ಬರಲಿ ಬಿಡಿ.”

ವರ್ತಕ ಬಿಡಲಿಲ್ಲ. ಕಲ್ಲನ್ನೇ ಕೊಂಡು ತಂದು, ಕೋಣೆಯ ಬಾಗಿಲು ಹಾಕಿ, ಮರಳು ನೀರು ಹಾಕಿ ತಿಕ್ಕತೊಡಗಿದ. ತಿಕ್ಕಿದ, ತೊಳೆದ, ನಗು ಎದ್ದು ಬಂತು. ಮತ್ತೆ ತಿಕ್ಕಿದ. ಊಟಕ್ಕೆ ಬನ್ನಿ ಎಂದು ಹೆಂಡತಿ ಬಾಗಿಲು ಬಡಿದು ಬಡಿದು ಹೋದಳು. ಒಂಬತ್ತನೆಯ ದಿನ ಕಲ್ಲು ಬೋಳಾಯಿತು.

ಅವನು ತಲೆಯೆತ್ತಿ ನೋಡಿದ. ಮೂವತ್ತು ಚಿತ್ರಗಳಲ್ಲೂ ಹೊಸ್ತಿಲಿತ್ತು, ಸಂಖ್ಯೆಯಿತ್ತು, ಸಹಿಯಿತ್ತು. ಎಡವಯ್ಯ ಒಂದರಲ್ಲೂ ಇರಲಿಲ್ಲ.

ವರ್ತಕ ಹೆಂಡತಿಯನ್ನು ಕೂಗುತ್ತ ಹೊರಗೆ ಓಡಿದ. ಹೊಸ್ತಿಲು ಎಡವಿ ಬಿದ್ದ. ಅವಳು ಬಂದು ನೋಡಿ ನಕ್ಕಳು. ಎಷ್ಟೋ ವರ್ಷದ ಮೇಲೆ ಕೇಳಿದ ಆ ನಗೆಗೆ ಅವನ ಕಣ್ಣು ತುಂಬಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು:

“ಏಳಪ್ಪ, ಎಡವಯ್ಯ. ನಮ್ಮ ಯಜಮಾನರು ಆ ಕೋಣೇಲಿದ್ದರು. ಅವರನ್ನ ಎಲ್ಲಾದರೂ ಕಂಡ್ಯಾ?”

ನಾನೇ ಕಣೇ ಎಂದು ಹೇಳಲು ಅವನು ಬಾಯಿ ತೆರೆದ. ನಗುವಲ್ಲದೆ ಬೇರೇನೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನ ಕೈ ಉಡಿದಾರದಲ್ಲಿದ್ದ ಬೀಗದ ಕೈಯ ಮೇಲಿತ್ತು. ಅದನ್ನು ನೋಡಿ ಗುರುಗಳು ಕೇಳಿದರು:

“ಪೆಟ್ಟಿಗೆ ತೆರೆದು ನೋಡು ಮುರಿಗೆಪ್ಪ, ಹಾಳೆಗಳಲ್ಲಿ ಅಕ್ಷರಗಳು ಇನ್ನೂ ಇವೆಯೇ?”