ದುರುಗಪ್ಪನ ಉಸಿರು

ದುರುಗಪ್ಪನಿಗೆ ತನ್ನ ಉಸಿರೇ ಹಗೆಯಾಗಿತ್ತು.

ಮೇಸ್ತ್ರಿ ಹೇಳಿದನೆಂದು ಮಲದ ಗುಂಡಿ ಬಳಿಯಲು ಇಳಿದ ಅವನ ತಮ್ಮ ಓಬಳೇಶ ಎರಡು ಸಲ ಉಸಿರೆಳೆದು ಅಲ್ಲೇ ಸತ್ತ. ತಮ್ಮನನ್ನು ಎತ್ತಲು ಹಿಂದೆಯೇ ಇಳಿದ ದುರುಗಪ್ಪನನ್ನು ಜನ ಹಗ್ಗ ಹಾಕಿ ಮೇಲೆಳೆದರು. ಅವನು ಉಳಿದ. ಆದರೆ ಅಂದಿನಿಂದ ಎದೆ ತುಂಬ ಗಾಳಿ ಎಳೆದರೆ ಕೈಕಾಲು ತಣ್ಣಗಾಗಿ ಕಣ್ಣು ಕತ್ತಲಿಡುತ್ತಿತ್ತು.

ಪೇಟೆಯ ಧ್ಯಾನ ಶಿಬಿರದಲ್ಲಿ, "ಕಣ್ಣು ಮುಚ್ಚಿ ಉಸಿರನ್ನು ನೋಡು" ಎಂದರು. ಮುಚ್ಚಿದ. ಗುಂಡಿ ಕಂಡಿತು. ಕಿರುಚಿಕೊಂಡು ಎದ್ದ.

"ನಿನಗೆ ಶ್ರದ್ಧೆ ಸಾಲದು" ಎಂದು ಕಳಿಸಿಬಿಟ್ಟರು. ಗುಂಡಿಯ ವಾಸನೆಯನ್ನೂ ಕಾಣದವರು.

ಕೊನೆಗೆ ಅವನು, ಧ್ಯಾನ ಬಲ್ಲವಳೆಂದು ಯಾರೋ ಹೇಳಿದ ಮೇಲೆ, ನದಿ ದಂಡೆಯ ಸಾಕವ್ವನ ಹತ್ತಿರ ಬಂದ. ಆಕೆಗೆ ಕಾವಿಯಿಲ್ಲ, ಪೀಠವಿಲ್ಲ. ಒಂದು ಗುಡಿಸಲು, ಒಂದು ಒಲೆ.

"ಅವ್ವ, ಕಣ್ಣು ಮುಚ್ಚಲಾ?"

"ಯಾಕೋ? ಅಷ್ಟು ಕೆಟ್ಟದಾಗಿದೀನಾ ನೋಡೋಕೆ?"

ತಮ್ಮ ಸತ್ತ ಮೇಲೆ ಮೊದಲ ಸಲ ಅವನ ತುಟಿ ಬಿರಿಯಿತು.

ಆಕೆ ಕುದಿಯುವ ಅಂಬಲಿಯನ್ನು ಬಟ್ಟಲಿಗೆ ಬಗ್ಗಿಸಿ ಕೈಗಿಟ್ಟಳು. "ಊದಿಕೊಂಡು ಕುಡಿ."

ಊದಿದ. ಆವಿ ಆಚೆ ಸರಿಯಿತು. ಮತ್ತೆ ಊದಿದ, ಇನ್ನೂ ಉದ್ದಕ್ಕೆ.

ಬಟ್ಟಲು ಬರಿದಾದ ಮೇಲೆ ಕೇಳಿದ. "ಪಾಠ ಯಾವಾಗ ಅವ್ವ?"

"ಆಯ್ತಲ್ಲ. ನೀನು ಬರೀ ಉಸಿರು ಬಿಟ್ಟೆ. ಒಳಗೆ ಬರೋದು ತಾನಾಗೇ ಬಂತು."

ಅವನು ಎದೆ ಮುಟ್ಟಿ ನೋಡಿಕೊಂಡ. ನಿಜವಾಗಿತ್ತು.

ತಿಂಗಳು ಅಲ್ಲೇ ಉಳಿದ. ಭಯ ಬಂದಾಗ ಅಂಗಾಲನ್ನು ನೆಲಕ್ಕೆ ಒತ್ತಿ, ಕಣ್ಣು ತೆರೆದು, ಅಂಬಲಿ ಆರಿಸುವವನಂತೆ ಮೆಲ್ಲಗೆ ಊದುತ್ತಿದ್ದ. ಅದೂ ಆಗದ ದಿನ ಸಾಕವ್ವ, "ಉಸಿರಿನ ಗೊಡವೆ ಬಿಡು, ಆ ಕೊಕ್ಕರೆ ಏನು ಮಾಡ್ತಿದೆ ನೋಡಿ ಹೇಳು" ಎನ್ನುತ್ತಿದ್ದಳು. ಅವನು ನೋಡಿ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಎದೆ ಸಡಿಲವಾಗುತ್ತಿತ್ತು.

ಒಂದು ಬೆಳಿಗ್ಗೆ ಆಕೆಯ ಕಾಲು ಮುಟ್ಟಿದ.

"ಮೇಸ್ತ್ರಿ ಹೇಳಿ ಕಳಿಸಿದ್ದಾನೆ. ವಾಸಿಯಾಗಿದ್ರೆ ನಾಳೆಯಿಂದ ಗುಂಡಿಗೆ ಇಳಿ ಅಂತ."

"ನೀನೇನಂದೆ?"

"ಹೊಟ್ಟೆಪಾಡು ಅವ್ವ, ಇಳೀತೀನಿ. ನಿನ್ನೆ ಹೋಗಿ ಅಂಚಲ್ಲಿ ನಿಂತೂ ನೋಡಿದೆ. ಎಷ್ಟು ಊದಿದರೂ ಎದೆ ಡವಡವ ಅನ್ನೋದು ನಿಲ್ಲಲಿಲ್ಲ. ಅದೊಂದು ಭಯ ತೆಗೆದುಬಿಡು, ಸಾಕು."

ಸಾಕವ್ವ ಒಲೆಯ ಕೊಳ್ಳಿ ಹೊರಗೆಳೆದು ನೀರು ಚಿಮುಕಿಸಿದಳು. ಚಪ್ಪಲಿ ಮೆಟ್ಟಿ, ಗುಡಿಸಲ ಬಾಗಿಲು ಎಳೆದುಕೊಂಡಳು.

"ಎಲ್ಲಿಗೆ ಅವ್ವ?"

"ಮೇಸ್ತ್ರಿ ಹತ್ರ. ಸಾವಿನ ಅಂಚಲ್ಲಿ ನಿಂತು ಹೊಡ್ಕೊಳ್ಳೋ ಎದೆಗೆ ಯಾವ ರೋಗಾನೂ ಇಲ್ಲ ಮಗ. ನಿನ್ನನ್ನ ಕೆಳಗಿಳಿಸಿ ಮೇಲೆ ಬೀಡಿ ಸೇದ್ತಾ ನಿಲ್ಲೋನ ಎದೆ ಹೊಡ್ಕೊಳ್ಳಲ್ಲ ನೋಡು, ವಾಸಿ ಮಾಡಬೇಕಾದ್ದು ಅದನ್ನ."