ಬಾಳಿಗರು ಬಿಟ್ಟು ಓದಿದ ಮೂರು 'ನೋ'

ಐತಪ್ಪ ಮೊದಲ ಸಲ ಊರು ಬಿಟ್ಟದ್ದು ಒಂದು ಮಂಗಳವಾರ, ಏಳನೇ ಕ್ಲಾಸಿನ ಪರೀಕ್ಷೆಯ ದಿನ. ಆಮೇಲೆ ಯಾವ ಊರಲ್ಲೂ ಅವನ ಕಾಲು ನಿಂತದ್ದಿಲ್ಲ. ತಿರುಗಿ ತಿರುಗಿ ಇಂಗ್ಲೆಂಡಿನಲ್ಲಿ ಬಾಳಿಗರ ಹೋಟೆಲಿನ ದೋಸೆ ಕಾವಲಿಯ ಮುಂದೆ ಬಂದು ನಿಂತ. ಅಡುಗೆಮನೆಗೆ ಬರುವ ಆರ್ಡರ್ ಚೀಟಿಗಳೇ ಅವನ ಇಂಗ್ಲಿಷ್ ಪುಸ್ತಕ. 'ನೋ ಆನಿಯನ್' ಎಂದಿದ್ದರೆ ಈರುಳ್ಳಿ ಹಾಕಬಾರದು, ಅಷ್ಟು ಗೊತ್ತು.

ವರ್ಷ ಕಳೆಯಿತು. ಹೊರಡಬೇಕೆನಿಸಿ, ಸೇರಿದ ದಿನವೇ ಧಣಿ ಮೇಜಿನ ಖಾನೆಯಲ್ಲಿ ಬೀಗ ಹಾಕಿಟ್ಟ ತನ್ನ ಪಾಸ್‌ಪೋರ್ಟ್ ಕೇಳಿದ. ಬಾಳಿಗರು ಇಂಗ್ಲಿಷಿನ ಕಾಗದವೊಂದನ್ನು ಮುಂದಿಟ್ಟರು.

"ಸೈನ್ ಹಾಕು ಮಾರಾಯ, ನಾಳೆಯೇ ಕೊಡ್ತೇನೆ."

"ಎಂತ ಬರೆದಿದೆ ಧಣಿ? ಸ್ವಲ್ಪ ಓದಿ ಹೇಳಿ."

"ಪಾಸ್‌ಪೋರ್ಟ್ ಕೊಡ್ತೇವೆ, ರಜೆ ಕೊಡ್ತೇವೆ, ಬೇರೆ ಕಡೆ ಕೆಲಸಕ್ಕೂ ಬಿಡ್ತೇವೆ. ಸಾಕಲ್ಲ?"

ಇಷ್ಟು ಸಿಹಿ ಮಾತು ಈ ಬಾಯಿಂದ ಬಂದದ್ದಕ್ಕೇ ಐತಪ್ಪನಿಗೆ ಅನುಮಾನ. ಕಾಗದ ನೋಡಿದರೆ ಚೀಟಿಯ ಅದೇ 'ನೋ' ಮೂರು ಕಡೆ ಕೂತಿದೆ. "ಊಟದ ಹೊತ್ತು ಕಳೀಲಿ ಧಣಿ" ಎಂದು ಕಾಗದ ಹಿಡಿದು ಒಳಗೆ ಹೋದ.

ಮಧ್ಯಾಹ್ನ ಬಾಳಿಗರ ಚೀಟಿ ಬಂತು. ದೋಸೆ, ನೋ ಚಿಲ್ಲಿ, ನೋ ಆನಿಯನ್, ನೋ ಆಯಿಲ್. ಗ್ಯಾಸ್ಟ್ರಿಕ್ಕಿನ ಮನುಷ್ಯ. ಐತಪ್ಪ ಹಸಿಮೆಣಸು, ಈರುಳ್ಳಿ ಹೇರಿ, ಎಣ್ಣೆ ತೇಲುವ ದೋಸೆ ಹೊಯ್ದು ತಾನೇ ಕೊಂಡುಹೋದ.

ಮೊದಲ ತುತ್ತಿಗೇ ಬಾಳಿಗರ ಕಣ್ಣಲ್ಲಿ ನೀರು. "ಚೀಟಿಯಲ್ಲಿ ನೋ ಅಂತ ಬರೆದದ್ದು ಕಾಣ್ಲಿಲ್ವಾ?"

"ಕಂಡಿತು ಧಣಿ. ಬೆಳಿಗ್ಗೆ ನನ್ನ ಕಾಗದದ ಮೂರು ನೋ ನೀವು ಬಿಟ್ಟು ಓದಿದಿರಲ್ಲ, ಈ ಹೋಟೆಲಲ್ಲಿ ಓದುವ ಕ್ರಮವೇ ಹಾಗೆ ಅಂದ್ಕೊಂಡೆ. ಸಂಶಯ ಇದ್ದರೆ, ಪಕ್ಕದ ಮೇಜಿನ ಆ ಬಿಳಿ ಅಮ್ಮನ ಹತ್ತಿರ ಓದಿಸುವಾ?"

ಬಾಳಿಗರು ಎರಡು ಲೋಟ ನೀರು ಕುಡಿದರು. ಪಕ್ಕದ ಮೇಜಿನತ್ತ ಒಮ್ಮೆ ನೋಡಿದರು. ಖಾನೆಯ ಬೀಗ ತೆಗೆದರು.

ಐತಪ್ಪ ಪಾಸ್‌ಪೋರ್ಟ್ ತಿರುವಿ, ಫೋಟೋ ತನ್ನದೇ ಹೌದಾ ಎಂದು ಎರಡು ಸಲ ನೋಡಿದ. ಆಮೇಲೆ ಅದನ್ನು ಅಂಗಿಗಳ ನಡುವೆ ಇಟ್ಟು ಚೀಲದ ಬಾಯಿ ಕಟ್ಟಿದ.