ತಂತಿ ಕೂರುವ ಜಾಗ

"ಗುರುಗಳೇ, ಮನೆಯ ಬೀಗದ ಕೈಯನ್ನೇ ಹೆಂಡತಿಗೆ ಕೊಟ್ಟಿದ್ದೇನೆ. ಯಾವುದಕ್ಕೂ ಅಡ್ಡಿ ಹೇಳುವುದಿಲ್ಲ. ಆದರೂ ನೆಂಟರ ಹಾಗೆ ಇದ್ದಾಳೆ. ಉಪ್ಪಿನ ಭರಣಿ ಮೊದಲಿನಿಂದ ಇದ್ದಲ್ಲೇ ಇದೆ, ಈಗಲೂ ಉಪ್ಪು ಎಲ್ಲಿ ಎಂದು ನನ್ನನ್ನು ಕೇಳುತ್ತಾಳೆ. ಇನ್ನೇನು ಕೊಡಬೇಕು?" ಎಂದು ಕೊಟ್ರೇಶ ಕೇಳಿದ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಅವನು ಮರುಮದುವೆಯಾಗಿದ್ದ. ಹೊಸ ಹೆಂಡತಿ ತವರಿಗೆ ಹೊರಡುವ ಮಾತಾಡುತ್ತಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಅವನ ಹೆಂಡತಿ ಗಿಟಾರ್ ನುಡಿಸುತ್ತಿದ್ದಳು. ಅವಳು ಹೋದ ಮೇಲೆ ಅವನಿಗೆ ಉಳಿದದ್ದು ಆ ಗಿಟಾರ್ ಮತ್ತು ಪುಟ್ಟ ಮಗಳು. ಎರಡನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಮಗಳು ದೊಡ್ಡವಳಾಗಿ ಅಮ್ಮನ ಗಿಟಾರನ್ನು ಎತ್ತಿಕೊಂಡಾಗ ಅವನಿಗೆ ಹೋದ ಜೀವ ಬಂದಂತಾಯಿತು.

ಆದರೆ ಮಗಳು ಎಡಚಿ. ಅಮ್ಮನ ಹಾಗೆ ಬಲಗೈಯಲ್ಲಿ ಮೀಟಲು ಅವಳಿಗೆ ಬರಲಿಲ್ಲ. ಎಡಗೈಗೆ ತಿರುಗಿಸಿ ಹಿಡಿದರೆ ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ, ಎಲ್ಲ ತಲೆಕೆಳಗು.

ಬಡಗಿ ಹಟಮಾರಿ ಅಪ್ಪನಲ್ಲ. ಊಟಕ್ಕೆ ಕೂತಾಗಲೂ ಮಗಳ ಕೈಯನ್ನು ತಿದ್ದಿದವನಲ್ಲ. ತಂತಿಗಳನ್ನೆಲ್ಲ ಬಿಚ್ಚಿ ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಕಟ್ಟಿದ. ಹೆಗಲಿಗೆ ಹಾಕುವ ಪಟ್ಟಿಯ ಕೊಕ್ಕೆಯನ್ನೂ ಆಚೆ ಬದಿಗೆ ಹಾಕಿದ. ಯಾವ ಅಪ್ಪ ಇಷ್ಟು ಮಾಡುತ್ತಾನೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಗಿಟಾರ್ ಮಾತ್ರ ಗೊರಗೊರ ಎಂದಿತು. ಮಗಳು ಕೆಲವು ದಿನ ಹೆಣಗಿದಳು. ಆಮೇಲೆ ಅದನ್ನು ಗೋಡೆಗೆ ತೂಗುಹಾಕಿ, "ನನ್ನ ಕೈಯೇ ಸರಿಯಿಲ್ಲ ಅಪ್ಪ, ಬಿಟ್ಬಿಡು" ಎಂದಳು. ಆ ಮಾತು ಅವನ ಎದೆಗೆ ನಾಟಿತು.

ಅವನು ಗಿಟಾರನ್ನು ಇಳಿಸಿದ. ಅದರ ಕತ್ತಿನ ತುದಿಯಲ್ಲಿ ಮೂಳೆಯ ತುಂಡೊಂದಿತ್ತು. ತಂತಿಗಳು ಕೂರಲು ಅದರಲ್ಲಿ ಗೀರುಗಳಿದ್ದವು, ದಪ್ಪ ತಂತಿಗೆ ಅಗಲದ್ದು, ಸಣ್ಣದಕ್ಕೆ ಕಿರಿದು. ಈಗ ದಪ್ಪ ತಂತಿ ಕಿರಿದಾದ ಗೀರಿನಲ್ಲಿ ಕೂರಲಾರದೆ ಜಾರುತ್ತಿತ್ತು. ಸಣ್ಣದು ಅಗಲದ ಗೀರಿನಲ್ಲಿ ಅಲ್ಲಾಡುತ್ತಿತ್ತು. ಬಡಗಿಗೆ ಇದು ತಿಳಿಯದ್ದೇನಲ್ಲ. ಮದುವೆಯ ಹೊಸತರಲ್ಲಿ ಹೆಂಡತಿ ಅವನ ಅರವನ್ನೇ ಇಸಿದುಕೊಂಡು ಆ ಗೀರುಗಳನ್ನು ತಾನೇ ತೀಡಿದ್ದಳು. ಆ ತುಂಡನ್ನು ಕೀಳಲು ಅವನಿಗೆ ಕೈ ಬಂದಿರಲಿಲ್ಲ.

"ನಿನ್ನ ಕೈ ಸರಿಯಾಗೇ ಇದೆ ಮಗಳೇ. ಬಾರದೆ ಇದ್ದದ್ದು ನನ್ನ ಕೈ" ಎಂದ.

ಉಳಿಯಿಟ್ಟು ಆ ತುಂಡನ್ನು ಎಬ್ಬಿಸಿದ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಹಳೆಯ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ತಂತಿಗಳಿಗೆ ತಕ್ಕಂತೆ ಹೊಸದನ್ನು ತೀಡಿದ. ಮಗಳು ಎಡಗೈಯಲ್ಲಿ ಮೀಟಿದಳು. ನಾದ ತುಂಬಿ ಬಂತು.

"ಅಮ್ಮ ಹೀಗೇ ನುಡಿಸ್ತಿದ್ಲಾ?" ಎಂದು ಕೇಳಿದಳು.

"ಇಲ್ಲಮ್ಮ. ಇದು ನಿಂದು" ಎಂದ ಅಪ್ಪ.

ಕತೆ ಮುಗಿಯಿತು. ಕೊಟ್ರೇಶ ಮುಂದಿನ ಮಾತಿಗೆ ಕಾದು ಕುಳಿತಿದ್ದ. ಗುರುಗಳು ಅವನನ್ನೇ ಅಕ್ಕರೆಯಿಂದ ನೋಡಿ ಕೇಳಿದರು:

"ಆ ಉಪ್ಪಿನ ಭರಣಿಯನ್ನು ಅಲ್ಲಿ ಇಟ್ಟವರು ಯಾರಪ್ಪ?"